ಸಿಡ್ನಿ ಸುತ್ತುವುದು ಹೇಗೆ: ಒಂದು ಕಾರ್ಡು, ಒಂದು ಜೆಟ್ಟಿ, ಐದಾರು ದಿನ

ಸಿಡ್ನಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬರುವ ಅಪ್ಪ ಅಮ್ಮಂದಿರು, ರಜೆ ಹಾಕಿ ಬೆಂಗಳೂರಿನಿಂದ ನೇರ ವಿಮಾನ ಹತ್ತುವವರು, ಮೆಲ್ಬರ್ನ್‌ನಿಂದ ವಾರಾಂತ್ಯಕ್ಕೆ ಬಂದುಹೋಗುವವರು, ಎಲ್ಲರ ಪ್ರಶ್ನೆಯೂ ಒಂದೇ: ‘ಇರೋದು ನಾಲ್ಕೈದು ದಿನ. ಏನೇನು ನೋಡಬೇಕು, ಯಾವ ಟೂರ್ ಪ್ಯಾಕೇಜ್ ತಗೊಳ್ಳೋದು?’

ಪ್ಯಾಕೇಜ್ ಬೇಡ. ಸಿಡ್ನಿ ಒಂದು ಬಂದರಿನ ಸುತ್ತ ಬೆಳೆದ ಊರು. ನೋಡಬೇಕಾದ ಬಹುಪಾಲು ಜಾಗಗಳು ನೀರಿನ ಅಂಚಿನಲ್ಲೇ ಇವೆ. ಊರಿನ ಜನ ದಿನಾ ಕೆಲಸಕ್ಕೆ ಹೋಗಲು ಹತ್ತುವ ಸರ್ಕಾರಿ ಫೆರಿಯೇ ನಿಮ್ಮನ್ನೂ ಅಲ್ಲಿಗೆ ಮುಟ್ಟಿಸುತ್ತದೆ. ‘ಹಾರ್ಬರ್ ಕ್ರೂಸ್’ ಎಂದು ದುಬಾರಿ ದರಕ್ಕೆ ಮಾರುವ ದೃಶ್ಯವೇ ಈ ಫೆರಿಯ ಮೇಲ್ಭಾಗದಲ್ಲಿ ನಿಂತರೂ ಕಾಣುತ್ತದೆ. ಆದ್ದರಿಂದ ಜಾಗಗಳ ಪಟ್ಟಿ ಮಾಡುವ ಮೊದಲು ಫೆರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ಅದರ ಮೇಲೆ ದಿನಗಳನ್ನು ಜೋಡಿಸಿಕೊಳ್ಳಿ.

ಒಂದೆರಡು ಹೆಸರು ಮೊದಲೇ ತಿಳಿದಿರಲಿ. ‘ಓಪಲ್’ ಎಂದರೆ ರೈಲು, ಮೆಟ್ರೋ, ಬಸ್, ಲೈಟ್ ರೈಲ್ (ರಸ್ತೆ ಮೇಲೆ ಓಡುವ ಟ್ರಾಮ್) ಮತ್ತು ಫೆರಿ ಎಲ್ಲಕ್ಕೂ ನಡೆಯುವ ಕಾರ್ಡು. ‘ವಾರ್ಫ್’ ಎಂದರೆ ಜೆಟ್ಟಿ. ಫೆರಿಗಳೆಲ್ಲ ಬಂದು ಸೇರುವ ದೊಡ್ಡ ನಿಲ್ದಾಣ ಸರ್ಕ್ಯುಲರ್ ಕೀ. ಬೋರ್ಡಿನಲ್ಲಿರುವ ಸ್ಪೆಲ್ಲಿಂಗ್ ನೋಡಿ ‘ಕ್ವೇ’ ಎಂದು ಕೇಳಿದರೆ ಕೆಲವರಿಗೆ ಅರ್ಥವಾಗುವುದಿಲ್ಲ, ‘ಕೀ’ ಎನ್ನಿ.

ಹಂತ 1. ಹೊರಡುವ ಮೊದಲು

ಋತುಗಳು ಇಲ್ಲಿ ತಿರುವುಮುರುವು. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿಗಾಲ. ಬೇಸಿಗೆಯಲ್ಲಿ ರಾತ್ರಿ ಎಂಟರವರೆಗೆ ಬೆಳಕಿರುತ್ತದೆ, ಜೂನ್‌ನಲ್ಲಿ ಸಂಜೆ ಐದಕ್ಕೇ ಕತ್ತಲು. ಸುತ್ತಾಡಲು ಹಿತವಾದ ಕಾಲ ಮಾರ್ಚ್‌ನಿಂದ ಮೇ ಮತ್ತು ಸೆಪ್ಟೆಂಬರ್‌ನಿಂದ ನವೆಂಬರ್. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಬೀದಿ ಬೀದಿಯಲ್ಲಿ ಜಕರಂಡ ನೇರಳೆ ಬಣ್ಣದಲ್ಲಿ ಅರಳಿರುತ್ತದೆ. ಬೆಂಗಳೂರಿನಲ್ಲಿ ಅದನ್ನು ವರ್ಷದ ಆರಂಭದಲ್ಲಿ ನೋಡಿದವರು ಇಲ್ಲಿ ಅದೇ ವರ್ಷ ಎರಡನೇ ಸಲ ನೋಡಬಹುದು. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ವಿವಿಡ್ ಎಂಬ ಬೆಳಕಿನ ಹಬ್ಬ ನಡೆಯುತ್ತದೆ. ಆಗ ಸಂಜೆ ಸರ್ಕ್ಯುಲರ್ ಕೀಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿರಿಯರು ಜೊತೆಗಿದ್ದರೆ ವಾರದ ಮಧ್ಯದ ದಿನ ಆರಿಸಿ.

ಲಗೇಜ್ ಕಟ್ಟುವಾಗ ಅತಿ ಹೆಚ್ಚು ತೊಂದರೆಯಾಗುವುದು ತಿಂಡಿಯಿಂದ. ಆಸ್ಟ್ರೇಲಿಯಾದ ಜೈವಿಕ ತಪಾಸಣೆ ಬಹಳ ಕಟ್ಟುನಿಟ್ಟು. ಹೊರಗಿನ ಬೀಜ, ಹುಳ, ದನಗಳ ರೋಗ ಒಳಗೆ ಬಂದರೆ ಇಲ್ಲಿನ ಕೃಷಿಗೆ ಭಾರಿ ಹೊಡೆತ ಎಂಬುದೇ ಕಾರಣ. ಧಾರವಾಡ ಪೇಡ, ಬರ್ಫಿಯಂಥ ಹಾಲಿನ ಸಿಹಿ, ಹಸಿ ಕರಿಬೇವು, ಹಣ್ಣು, ಹೂವು, ಬಿತ್ತನೆ ಬೀಜ ತರಬೇಡಿ. ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಇದ್ದರೆ ಪ್ರವೇಶದ ಅರ್ಜಿಯಲ್ಲಿ ‘ಆಹಾರ ಇದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಗುರುತು ಹಾಕಿ. ಹೇಳಿದ ವಸ್ತು ಒಪ್ಪಿಗೆಯಾಗದಿದ್ದರೆ ತೆಗೆದುಕೊಂಡು ಎಸೆಯುತ್ತಾರೆ, ಅಷ್ಟೇ. ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ದೊಡ್ಡ ಮೊತ್ತದ ದಂಡ, ಕೆಲವೊಮ್ಮೆ ವೀಸಾ ರದ್ದು. ಅಮ್ಮ ಕಟ್ಟಿಕೊಟ್ಟ ಡಬ್ಬದಲ್ಲಿ ಏನಿದೆ ಎಂದು ತೆರೆದು ನೋಡಿಯೇ ಬ್ಯಾಗಿಗೆ ಹಾಕಿ.

ಉಳಿದಂತೆ ಅಂಚಗಲದ ಟೋಪಿ, ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಗಾಳಿ ತಡೆಯುವ ಒಂದು ಜಾಕೆಟ್, ಸವೆದಿಲ್ಲದ ಶೂ, ನೀರಿನ ಬಾಟಲಿ ಸಾಕು. ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಬಿಸಿಲಿನ ವಿಷಯದಲ್ಲಿ ಮಾತ್ರ ‘ನಮಗೆ ಬಿಸಿಲು ಹೊಸದೇ’ ಎಂಬ ಧೈರ್ಯ ಬೇಡ. ಗಾಳಿ ತಂಪಾಗಿರುವ ದಿನವೂ ಇಲ್ಲಿ ಅತಿನೇರಳೆ ಕಿರಣ ತೀವ್ರವಾಗಿರುತ್ತದೆ. ಸೆಕೆ ಆಗದ ಕಾರಣ ಗೊತ್ತೇ ಆಗುವುದಿಲ್ಲ, ಸಂಜೆ ಕುತ್ತಿಗೆ ಉರಿಯಲು ಶುರುವಾದಾಗ ತಡವಾಗಿರುತ್ತದೆ.

ಹಂತ 2. ಕಾರ್ಡು ಸರಿಮಾಡಿಕೊಳ್ಳಿ

ದೊಡ್ಡವರಿಗೆ ಓಪಲ್ ಕಾರ್ಡು ಕೊಳ್ಳಲೇಬೇಕೆಂದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆಕ್ಸ್ ಕಾರ್ಡನ್ನೋ, ಅದು ತುಂಬಿರುವ ಫೋನನ್ನೋ ಯಂತ್ರಕ್ಕೆ ತಾಗಿಸಿದರೆ ಅದೇ ದರ, ಅದೇ ಮಿತಿ. ಭಾರತದ ಕಾರ್ಡಾದರೆ ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ‘ಅಂತರರಾಷ್ಟ್ರೀಯ’ ಮತ್ತು ‘ಕಾಂಟ್ಯಾಕ್ಟ್‌ಲೆಸ್’ ಎರಡನ್ನೂ ಆನ್ ಮಾಡಿ. ರುಪೇ ಕಾರ್ಡೊಂದನ್ನೇ ನಂಬಿಕೊಂಡು ಬರಬೇಡಿ. ವಿದೇಶಿ ವಿನಿಮಯ ಶುಲ್ಕ ಹೆಚ್ಚಿರುವ ಕಾರ್ಡಾದರೆ ಏರ್‌ಪೋರ್ಟ್‌ನಲ್ಲೋ ಯಾವುದಾದರೂ ಸೂಪರ್‌ಮಾರ್ಕೆಟ್‌ನಲ್ಲೋ ಓಪಲ್ ಕಾರ್ಡು ತೆಗೆದುಕೊಳ್ಳಿ. ಕಾರ್ಡಿಗೆ ಬೆಲೆ ಇಲ್ಲ, ಒಳಗೆ ಹಾಕುವ ಹಣ ಮಾತ್ರ.

ದಿನಕ್ಕೊಂದು ಗರಿಷ್ಠ ಮಿತಿ ಇದೆ. ಸೋಮವಾರದಿಂದ ಗುರುವಾರದವರೆಗೆ ಸುಮಾರು 19 ಡಾಲರ್. ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜೆಯಲ್ಲಿ ಅದರ ಅರ್ಧ. ವಾರಕ್ಕೆ 50 ಡಾಲರ್. ಅದನ್ನು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಹಣ ಕಳೆಯುವುದಿಲ್ಲ. ದರ ಸಾಮಾನ್ಯವಾಗಿ ಜುಲೈನಲ್ಲಿ ಬದಲಾಗುತ್ತದೆ, ಬರುವ ಮೊದಲು ಒಮ್ಮೆ ನೋಡಿಕೊಳ್ಳಿ. ಇದರ ಸಾರ ಇಷ್ಟು: ದೂರದ ಪ್ರಯಾಣ ಮತ್ತು ಉದ್ದದ ಫೆರಿ ಶುಕ್ರವಾರದಿಂದ ಭಾನುವಾರದೊಳಗೆ, ನಡೆದು ನೋಡುವ ಜಾಗಗಳು ಸೋಮವಾರದಿಂದ ಗುರುವಾರದೊಳಗೆ.

ಜನ ಇಲ್ಲಿ ತಪ್ಪುವುದು ಹೀಗೆ:

ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ತಲೆಗೊಂದು ಕಾರ್ಡು ಬೇಕು.

ಹತ್ತುವಾಗ ಫೋನ್, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡು ತಾಗಿಸಿದರೆ, ಎರಡೂ ಒಂದೇ ಖಾತೆಯದಾದರೂ ಯಂತ್ರಕ್ಕೆ ಅವು ಬೇರೆ ಬೇರೆ. ಎರಡು ಅಪೂರ್ಣ ಪ್ರಯಾಣವೆಂದು ದಾಖಲಾಗಿ ಎರಡಕ್ಕೂ ಗರಿಷ್ಠ ದರ ಬೀಳುತ್ತದೆ.

ಬಸ್ಸಿನಲ್ಲೂ ಇಳಿಯುವಾಗ ತಾಗಿಸಬೇಕು. ಲೈಟ್ ರೈಲ್‌ಗೆ ಗೇಟು ಇರುವುದಿಲ್ಲ, ಪ್ಲಾಟ್‌ಫಾರ್ಮ್ ಮೇಲಿನ ಕಂಬದಲ್ಲಿ ಯಂತ್ರ ಇರುತ್ತದೆ. ಗೇಟು ಕಾಣಲಿಲ್ಲವೆಂದು ಹಾಗೇ ಹತ್ತಿದವರಿಗೆ ತಪಾಸಣೆಯಲ್ಲಿ 200 ಡಾಲರ್ ದಂಡ.

4ರಿಂದ 15 ವರ್ಷದ ಮಕ್ಕಳಿಗೆ ಚೈಲ್ಡ್ ಓಪಲ್ ಕಾರ್ಡನ್ನೇ ಕೊಳ್ಳಿ. ಮಗುವಿಗೆಂದು ಬ್ಯಾಂಕ್ ಕಾರ್ಡು ತಾಗಿಸಿದರೆ ದೊಡ್ಡವರ ದರ ಹೋಗುತ್ತದೆ. 4 ವರ್ಷದೊಳಗಿನವರಿಗೆ ಉಚಿತ. ಇನ್ನು ಹಿರಿಯರ ರಿಯಾಯಿತಿಯ ‘ಗೋಲ್ಡ್’ ಕಾರ್ಡು ಇಲ್ಲಿನ ನಿವಾಸಿಗಳಿಗೆ. ಭಾರತದಿಂದ ಬಂದ ಅಪ್ಪ ಅಮ್ಮನಿಗೆ ವಯಸ್ಸು ಎಷ್ಟೇ ಆಗಿದ್ದರೂ ಪೂರ್ತಿ ದರ.

ಹಂತ 3. ಏರ್‌ಪೋರ್ಟ್‌ನಿಂದ ಊರಿಗೆ

ಏರ್‌ಪೋರ್ಟ್ ರೈಲು ಹದಿನೈದು ನಿಮಿಷದೊಳಗೆ ಸೆಂಟ್ರಲ್ ಸ್ಟೇಷನ್ ಮುಟ್ಟಿಸುತ್ತದೆ. ಆದರೆ ಆ ಸ್ಟೇಷನ್ನಿನ ಗೇಟು ದಾಟಿದ್ದಕ್ಕೇ ಟಿಕೆಟ್ ದರದ ಮೇಲೆ ತಲೆಗೆ 17 ಡಾಲರ್‌ಗಿಂತ ಹೆಚ್ಚು ಶುಲ್ಕ ಇದೆ, ಅದು ದಿನದ ಮಿತಿಯೊಳಗೆ ಸೇರುವುದಿಲ್ಲ. ಒಬ್ಬರೇ ಇದ್ದರೆ ರೈಲೇ ಸರಿ. ಮೂರ್ನಾಲ್ಕು ಜನ ದೊಡ್ಡ ಸೂಟ್‌ಕೇಸ್‌ಗಳೊಂದಿಗೆ ಇದ್ದರೆ ಟ್ಯಾಕ್ಸಿಗೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ಮನೆ ಬಾಗಿಲಿಗೇ ಬಿಡುತ್ತದೆ. ಕಡಿಮೆ ಲಗೇಜ್ ಇದ್ದು ಹಣ ಉಳಿಸಬೇಕೆಂದರೆ 420 ನಂಬರ್ ಬಸ್ಸಿನಲ್ಲಿ ಮ್ಯಾಸ್ಕಾಟ್ ಸ್ಟೇಷನ್‌ವರೆಗೆ ಹೋಗಿ, ಅಲ್ಲಿಂದ ಅದೇ ಮಾರ್ಗದ ರೈಲು ಹತ್ತಿ. ಅಲ್ಲಿ ಆ ಶುಲ್ಕವಿಲ್ಲ.

ಹಂತ 4. ಮೊದಲ ದಿನ: ಉದ್ಯಾನ, ಆಪೆರಾ ಹೌಸ್, ಸೇತುವೆ

ಇದು ನಡಿಗೆಯ ದಿನ, ಖರ್ಚು ಸೊನ್ನೆಗೆ ಹತ್ತಿರ. ಹೆಚ್ಚಿನವರು ನೇರವಾಗಿ ಸರ್ಕ್ಯುಲರ್ ಕೀಗೆ ಬಂದು ಆಪೆರಾ ಹೌಸ್ ಮುಂದೆ ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿಕೊಳ್ಳುತ್ತಾರೆ. ನೀವು ಬೆಳಿಗ್ಗೆ ಬೇಗ ಸೇಂಟ್ ಜೇಮ್ಸ್ ಸ್ಟೇಷನ್‌ನಲ್ಲಿ ಇಳಿದು, ಆರ್ಟ್ ಗ್ಯಾಲರಿಯನ್ನು ದಾಟಿ, ಮಿಸೆಸ್ ಮೆಕ್ವಾರೀಸ್ ಚೇರ್ ಎಂಬ ತುದಿಗೆ ನಡೆಯಿರಿ. ಗವರ್ನರ್ ಮೆಕ್ವಾರಿಯ ಹೆಂಡತಿ ಕೂತು ಹಡಗು ನೋಡಲೆಂದು 1810ರಲ್ಲಿ ಮರಳುಗಲ್ಲಿನಲ್ಲಿ ಕಡೆದ ಆಸನ ಅದು. ಈ ತುದಿಯಿಂದ ಆಪೆರಾ ಹೌಸ್ ಮತ್ತು ಹಾರ್ಬರ್ ಬ್ರಿಡ್ಜ್ ಎಂಬ ಸೇತುವೆ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಅವೆರಡೂ ನಿಮಗೆ ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ನೇರ ಅವುಗಳ ಮೇಲೆ ಬೀಳುತ್ತದೆ. ಸಂಜೆ ಇದೇ ಜಾಗದಲ್ಲಿ ಬರೀ ಕಪ್ಪು ನೆರಳಿನಾಕಾರ ಸಿಗುತ್ತದೆ. ಅದೂ ಚೆಂದವೇ, ಆದರೆ ಕುಟುಂಬದ ಫೋಟೋದಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಅಲ್ಲಿಂದ ನೀರಿನ ಅಂಚು ಹಿಡಿದು ರಾಯಲ್ ಬೊಟಾನಿಕ್ ಗಾರ್ಡನ್ ಒಳಗೆ ನಡೆದರೆ ಅರ್ಧ ಗಂಟೆಯಲ್ಲಿ ಆಪೆರಾ ಹೌಸ್. ಉದ್ಯಾನ 1816ರದ್ದು, ಪ್ರವೇಶ ಉಚಿತ. ಈ ದಂಡೆಯೆಲ್ಲ ಗ್ಯಾಡಿಗಲ್ ಎಂಬ ಮೂಲನಿವಾಸಿ ಜನರ ನೆಲ. ಆಪೆರಾ ಹೌಸ್ ನಿಂತಿರುವ ಬೆನಲಾಂಗ್ ಪಾಯಿಂಟ್‌ಗೆ ಆ ಹೆಸರು ಬಂದದ್ದು ಬೆನಲಾಂಗ್ ಎಂಬ ಮೂಲನಿವಾಸಿ ಮುಖಂಡನಿಂದ.

ಆಪೆರಾ ಹೌಸನ್ನು ದೂರದಿಂದ ಫೋಟೋ ಹೊಡೆದು ಹಿಂದಿರುಗಬೇಡಿ. ಮೆಟ್ಟಿಲು ಹತ್ತಿ, ಚಿಪ್ಪಿನಾಕಾರದ ಚಾವಣಿ ನೆಲಕ್ಕೆ ಇಳಿಯುವ ಕಡೆ ಹೋಗಿ ನಿಂತು ಹೆಂಚುಗಳನ್ನು ನೋಡಿ. ದೂರದಿಂದ ಹಾಲುಬಿಳುಪಾಗಿ ಕಾಣುವ ಚಾವಣಿಯಲ್ಲಿ ಎರಡು ಬಗೆಯ ಹೆಂಚುಗಳಿವೆ. ಒಂದು ಹೊಳಪಿನ ಬಿಳಿ, ಇನ್ನೊಂದು ಹೊಳಪಿಲ್ಲದ ಕೆನೆಬಣ್ಣ. ಒಂದೊಂದೂ 12 ಸೆಂಟಿಮೀಟರ್ ಚೌಕ. ಕೆನೆಬಣ್ಣದವು ಅಂಚುಗಟ್ಟಿದ ಹಾಗೆ ಸಾಲಾಗಿ ಕೂತು, ಹೊಳಪಿನವು ನಡುವೆ ತುಂಬಿಕೊಂಡಿವೆ. ಆದ್ದರಿಂದಲೇ ಮೋಡ ಸರಿದಂತೆ ಚಾವಣಿಯ ಬಣ್ಣ ಬದಲಾದಂತೆ ಕಾಣುತ್ತದೆ. ಸ್ವೀಡನ್ನಿನಲ್ಲಿ ಮಾಡಿದ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಹೆಂಚುಗಳು ಮೇಲಿವೆ. ಚಿಪ್ಪುಗಳೆಲ್ಲ ಒಂದೇ ಗೋಳದ ಮೇಲ್ಮೈಯಿಂದ ಕತ್ತರಿಸಿದ ತುಂಡುಗಳ ಆಕಾರದವು. ಈ ಉಪಾಯ ಹೊಳೆಯುವವರೆಗೆ ಅವನ್ನು ಕಟ್ಟುವುದು ಹೇಗೆಂದೇ ಬಗೆಹರಿದಿರಲಿಲ್ಲ. ಡೆನ್ಮಾರ್ಕ್‌ನ ಯೋನ್ ಉಟ್ಸಾನ್ 1957ರಲ್ಲಿ ಸ್ಪರ್ಧೆ ಗೆದ್ದರು, ಸರ್ಕಾರದ ಜೊತೆ ಜಗಳವಾಗಿ 1966ರಲ್ಲಿ ಕೆಲಸ ಬಿಟ್ಟು ಹೋದರು. ಕಟ್ಟಡ 1973ರಲ್ಲಿ ತೆರೆಯಿತು. ಪೂರ್ತಿಯಾದ ಕಟ್ಟಡವನ್ನು ಅವರು ಕಣ್ಣಾರೆ ನೋಡಲೇ ಇಲ್ಲ.

ಒಳಗಿನ ಮಾರ್ಗದರ್ಶಿ ಪ್ರವಾಸ ಒಂದು ಗಂಟೆಯದು, ಆನ್‌ಲೈನ್‌ನಲ್ಲಿ ಮುಂಚೆ ಕಾಯ್ದಿರಿಸಿ. ಮೆಟ್ಟಿಲು ಬಹಳ. ಮಂಡಿನೋವಿನವರಿಗೆ ಲಿಫ್ಟಿನಲ್ಲೇ ಕರೆದೊಯ್ಯುವ ಬೇರೆ ಪ್ರವಾಸ ಇದೆ, ಬುಕ್ ಮಾಡುವಾಗ ಅದನ್ನೇ ಆರಿಸಿ. ಸಂಗೀತ, ನಾಟಕದಲ್ಲಿ ಆಸಕ್ತಿ ಇರುವವರಿಗೆ ನಮ್ಮ ಸಲಹೆ ಬೇರೆ: ಪ್ರವಾಸದ ಹಣಕ್ಕೆ ಸ್ವಲ್ಪ ಸೇರಿಸಿ ಒಂದು ಕಛೇರಿಗೇ ಟಿಕೆಟ್ ತೆಗೆದುಕೊಳ್ಳಿ. ಸಭಾಂಗಣ ಕಟ್ಟಿರುವುದು ಕೂತು ಕೇಳಲು. ಹೊರಗೆ ತಿನ್ನುವಾಗ ಸೀಗಲ್ ಹಕ್ಕಿಗಳ ಬಗ್ಗೆ ಎಚ್ಚರ, ಕೈಯಲ್ಲಿದ್ದುದನ್ನೇ ಕಿತ್ತುಕೊಂಡು ಹೋಗುತ್ತವೆ.

ಮಧ್ಯಾಹ್ನದ ಬಿಸಿಲಿನಲ್ಲಿ ದ ರಾಕ್ಸ್ ಎಂಬ ಹಳೆಯ ಓಣಿಗಳಲ್ಲಿ ಅಡ್ಡಾಡಿ, ಸಂಜೆ ನಾಲ್ಕರ ನಂತರ ಸೇತುವೆ ಹತ್ತಿ. ಕಂಬರ್ಲೆಂಡ್ ಸ್ಟ್ರೀಟ್‌ನಲ್ಲಿ ‘ಬ್ರಿಡ್ಜ್ ಸ್ಟೇರ್ಸ್’ ಎಂಬ ಫಲಕ ಇದೆ. ನಡೆಯುವವರಿಗೆ ಪೂರ್ವದ ಬದಿ, ಸೈಕಲ್ಲಿನವರಿಗೆ ಪಶ್ಚಿಮದ ಬದಿ. ಮೆಟ್ಟಿಲು ಆಗದವರಿಗೆ ಎರಡೂ ತುದಿಯಲ್ಲಿ ಲಿಫ್ಟ್ ಇದೆ. ಸೇತುವೆಯ ಉದ್ದ 1,149 ಮೀಟರ್, ನಿಧಾನಕ್ಕೆ ನಡೆದರೆ ಅರ್ಧ ಗಂಟೆ. 1932ರಲ್ಲಿ ತೆರೆದ ಇದರ ಕಮಾನು 503 ಮೀಟರ್ ಅಗಲಕ್ಕೆ ಚಾಚಿ ನೀರಿನಿಂದ 134 ಮೀಟರ್ ಎತ್ತರಕ್ಕೇರುತ್ತದೆ. ತುದಿಗಳಲ್ಲಿರುವ ಕಲ್ಲಿನ ಗೋಪುರಗಳೇ ಸೇತುವೆಯನ್ನು ಹೊತ್ತಿವೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವು ಅಲಂಕಾರಕ್ಕೆ ಕಟ್ಟಿದವು. ಕಮಾನಿನ ಭಾರವೆಲ್ಲ ಬುಡದಲ್ಲಿರುವ ಉಕ್ಕಿನ ಕೀಲುಗಳ ಮೇಲೆ ಇಳಿಯುತ್ತದೆ.

ಕಮಾನಿನ ಮೇಲೆ ಹತ್ತಿಸುವ ಬ್ರಿಡ್ಜ್‌ಕ್ಲೈಂಬ್‌ಗೆ ತಲೆಗೆ ಕೆಲವು ನೂರು ಡಾಲರ್. ಮೊದಲು ಮದ್ಯದ ಉಸಿರು ಪರೀಕ್ಷೆ ಮಾಡುತ್ತಾರೆ, ಫೋನ್, ಕ್ಯಾಮೆರಾ ಯಾವುದನ್ನೂ ಒಯ್ಯಲು ಬಿಡುವುದಿಲ್ಲ. ಅಷ್ಟು ಖರ್ಚು ಬೇಡವೆಂದರೆ ಆಗ್ನೇಯದ ಗೋಪುರದೊಳಗೆ 200 ಮೆಟ್ಟಿಲು ಹತ್ತಿ ಪೈಲಾನ್ ಲುಕ್‌ಔಟ್ ಸೇರಿ. ಟಿಕೆಟ್ ಬೆಲೆ ಕ್ಲೈಂಬ್‌ಗೆ ಹೋಲಿಸಿದರೆ ಒಂದು ಚಿಕ್ಕ ಅಂಶ, ನೋಟ ಹೆಚ್ಚುಕಡಿಮೆ ಅಷ್ಟೇ ವಿಶಾಲ, ಫೋಟೋವನ್ನೂ ತೆಗೆಯಬಹುದು. ಲಿಫ್ಟ್ ಇಲ್ಲ.

ಸೇತುವೆ ದಾಟಿದರೆ ಮಿಲ್ಸನ್ಸ್ ಪಾಯಿಂಟ್. ಅಲ್ಲಿ 1935ರಿಂದ ಇರುವ ಲೂನಾ ಪಾರ್ಕ್‌ನ ನಗುವ ಮುಖದ ಪಕ್ಕದಲ್ಲೇ ಜೆಟ್ಟಿ ಇದೆ. ದೀಪ ಹತ್ತುವ ಹೊತ್ತಿಗೆ ಫೆರಿ ಹತ್ತಿದರೆ ಸೇತುವೆಯ ಕೆಳಗೆ ಹಾದು ಸರ್ಕ್ಯುಲರ್ ಕೀಗೆ ವಾಪಸ್.

ಹಂತ 5. ಮ್ಯಾನ್ಲಿ ಫೆರಿ

ಇಡೀ ಸಿಡ್ನಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇರುವವರಿಗೆ ನಾವು ಹೇಳುವುದು ಇದನ್ನೇ. ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿ ಎಂಬ ಕಡಲತೀರದ ಬಡಾವಣೆಗೆ ಎಫ್1 ಮಾರ್ಗ, ಅರ್ಧ ಗಂಟೆಯ ಪ್ರಯಾಣ. ಪಕ್ಕದಲ್ಲೇ ಖಾಸಗಿ ಫಾಸ್ಟ್ ಫೆರಿ ಕೂಡ ನಿಂತಿರುತ್ತದೆ, ಅದು ಇಪ್ಪತ್ತು ನಿಮಿಷಕ್ಕೆ ಮುಟ್ಟಿಸುತ್ತದೆ. ಆದರೆ ಅದರ ದರ ಬೇರೆ, ನಿಮ್ಮ ದಿನದ ಮಿತಿಗೆ ಸೇರುವುದಿಲ್ಲ. ಫಲಕದಲ್ಲಿ ‘ಎಫ್1’ ಇದೆಯೇ ನೋಡಿಯೇ ಕಾರ್ಡು ತಾಗಿಸಿ.

ಹೋಗುವಾಗ ಬಲಬದಿಯ ಹೊರಗಿನ ಕಟ್ಟೆಯಲ್ಲಿ ನಿಲ್ಲಿ. ಹೊರಟ ಎರಡೇ ನಿಮಿಷಕ್ಕೆ ಆಪೆರಾ ಹೌಸ್ ತೀರಾ ಹತ್ತಿರದಲ್ಲಿ ಹಾದುಹೋಗುತ್ತದೆ, ಆಮೇಲೆ ಹಿಂದಕ್ಕೆ ತಿರುಗಿದರೆ ಸೇತುವೆ ಕಾಣುತ್ತದೆ. ನಡುದಾರಿಯಲ್ಲಿ ನಾರ್ತ್ ಹೆಡ್, ಸೌತ್ ಹೆಡ್ ಎಂಬ ಎರಡು ಬಂಡೆಗೋಡೆಗಳ ನಡುವಿನ ಬಾಯಿ ಎದುರಾಗುತ್ತದೆ. ಅಲ್ಲಿ ಪೆಸಿಫಿಕ್ ಸಾಗರದ ಅಲೆ ತಡೆಯಿಲ್ಲದೆ ಒಳನುಗ್ಗುವುದರಿಂದ ಕೆಲವು ನಿಮಿಷ ಫೆರಿ ಜೋರಾಗಿ ಓಲಾಡುತ್ತದೆ. ಹೊಟ್ಟೆ ತೊಳಸುವವರು ಕೆಳಮಾಳಿಗೆಯ ಮಧ್ಯದಲ್ಲಿ ಕೂರಲಿ, ಓಲಾಟ ಅಲ್ಲಿ ಕಡಿಮೆ. ಅಲೆ ತೀರಾ ದೊಡ್ಡದಿದ್ದ ದಿನ ಫೆರಿಯನ್ನೇ ನಿಲ್ಲಿಸುತ್ತಾರೆ.

ಮ್ಯಾನ್ಲಿಯಲ್ಲಿ ಇಳಿದು ಕೊರ್ಸೊ ಎಂಬ ಬೀದಿ ದಾಟಿದರೆ ಆಚೆಗೆ ತೆರೆದ ಸಾಗರ. ಬಲಕ್ಕೆ ದಡದ ಕಾಲುದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಶೆಲ್ಲಿ ಬೀಚ್. ಪೂರ್ವದ ಅಲೆಗೆ ಬೆನ್ನು ಹಾಕಿ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ನೀರು ಶಾಂತ. ಸಣ್ಣ ಮಕ್ಕಳನ್ನು ನೀರಿಗಿಳಿಸಲು ಬಾಂಡೈ ಬೀಚಿಗಿಂತ ಇದು ಎಷ್ಟೋ ವಾಸಿ. ಮೇಯಿಂದ ನವೆಂಬರ್ ನಡುವೆ ಬಂದರೆ ನಾರ್ತ್ ಹೆಡ್‌ಗೆ ಹೋಗಿ ತಿಮಿಂಗಿಲ ಕಾಣುತ್ತದೆಯೇ ನೋಡಿ. ನೀರು ಚಿಮ್ಮುವುದು ಮೊದಲು ಕಾಣುತ್ತದೆ, ಬೆನ್ನು ಆಮೇಲೆ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ವಾಪಸ್ ಬರುವುದನ್ನು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲಿಗೆ ಹೊಂದಿಸಿ. ಊರು ಪಶ್ಚಿಮಕ್ಕಿರುವುದರಿಂದ ಸೇತುವೆಯ ಹಿಂದೆ ಸೂರ್ಯ ಇಳಿಯುವುದು ಕಾಣುತ್ತದೆ. ಬೇಸಿಗೆಯ ಶನಿವಾರ, ಭಾನುವಾರ ಸಂಜೆ ಮ್ಯಾನ್ಲಿ ಜೆಟ್ಟಿಯಲ್ಲಿ ಸಾಲು ಉದ್ದ. ಒಂದು ಫೆರಿ ತಪ್ಪಿದರೆ ಮುಂದಿನದಕ್ಕೆ ಕಾಯುವಷ್ಟು ಹೊತ್ತು ಇಟ್ಟುಕೊಳ್ಳಿ.

ಹಂತ 6. ಬಾಂಡೈ, ಮತ್ತು ಸಮುದ್ರದ ನಿಯಮ

ಟಿ4 ರೈಲಿನಲ್ಲಿ ಬಾಂಡೈ ಜಂಕ್ಷನ್‌ವರೆಗೆ, ಅಲ್ಲಿಂದ 333 ಬಸ್. ಬಾಂಡೈಯಿಂದ ಕೂಜಿವರೆಗೆ ಬಂಡೆಯಂಚಿನ ದಾರಿ ಸುಮಾರು 6 ಕಿಲೋಮೀಟರ್, ಎರಡರಿಂದ ಮೂರು ಗಂಟೆ, ಏರಿಳಿತದ ಮೆಟ್ಟಿಲು ಸಾಕಷ್ಟು. ಹಿರಿಯರಿದ್ದರೆ ಬ್ರಾಂಟಿವರೆಗಿನ ಮೊದಲ ಎರಡೂವರೆ ಕಿಲೋಮೀಟರ್ ನಡೆದು, 379 ಬಸ್ಸಿನಲ್ಲಿ ಬಾಂಡೈ ಜಂಕ್ಷನ್‌ಗೆ ಮರಳಿ. ಚೆಲುವಿನ ಬಹುಪಾಲು ಆ ಭಾಗದಲ್ಲೇ ಇದೆ. ಬ್ರಾಂಟಿಯ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಬುತ್ತಿ ಬಿಚ್ಚಲು ಮರದ ನೆರಳೂ ಇದೆ.

ಇನ್ನು ನೀರಿನ ಮಾತು. ಈ ಲೇಖನದಲ್ಲಿ ಒಂದೇ ಪ್ಯಾರಾ ಓದುವುದಾದರೆ ಇದನ್ನು ಓದಿ. ಕೆಂಪು ಹಳದಿ ಬಾವುಟ ಎರಡು ನೆಟ್ಟಿರುತ್ತಾರೆ, ನೀರಿಗಿಳಿಯುವುದು ಅವೆರಡರ ನಡುವೆ ಮಾತ್ರ. ಬಾವುಟ ಇಲ್ಲದಿದ್ದರೆ ಇಳಿಯಬೇಡಿ. ದಡಕ್ಕೆ ಬಂದ ನೀರು ಆಳವಾದ ಕಾಲುವೆಯೊಂದನ್ನು ಹಿಡಿದು ಸಾಗರಕ್ಕೆ ಹಿಂದಿರುಗುತ್ತದೆ, ಅದನ್ನು ‘ರಿಪ್’ ಎನ್ನುತ್ತಾರೆ. ಆಳ ಇರುವಲ್ಲಿ ಅಲೆ ಒಡೆಯುವುದಿಲ್ಲ. ಹಾಗಾಗಿ ಅದು ಸುತ್ತಲಿನ ನೊರೆಗಿಂತ ಗಾಢ ಬಣ್ಣದಲ್ಲಿ, ಶಾಂತವಾಗಿ ಕಾಣುತ್ತದೆ. ಹೊಸಬರು ‘ಇಲ್ಲಿ ಅಲೆ ಇಲ್ಲ’ ಎಂದು ಅಲ್ಲೇ ಇಳಿಯುತ್ತಾರೆ, ಮಂಡಿಯುದ್ದದ ನೀರಿನಲ್ಲಿ ನಿಂತವರ ಕಾಲನ್ನೂ ಅದು ಕೀಳುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ, ದಣಿದುಹೋಗುತ್ತೀರಿ. ತೇಲುತ್ತಾ ಒಂದು ಕೈ ಎತ್ತಿ ಬೀಸಿ, ಲೈಫ್‌ಗಾರ್ಡ್ ಬರುತ್ತಾರೆ. ಜೀನ್ಸ್, ಸೀರೆ, ಚೂಡಿದಾರದಲ್ಲಿ ನೀರಿಗಿಳಿಯಬೇಡಿ, ನೆನೆದ ಬಟ್ಟೆಯ ಭಾರ ಈಜು ಬಲ್ಲವರನ್ನೂ ಮುಳುಗಿಸುತ್ತದೆ. ಒಬ್ಬರು ಒಯ್ಯಲ್ಪಟ್ಟಾಗ ಮನೆಯವರು ಹಿಂದೆಯೇ ನೆಗೆಯುವುದು ಮತ್ತೊಂದು ಅನಾಹುತ. ದಡದಲ್ಲೇ ನಿಂತು ಕೂಗಿ, ತೇಲುವಂಥದ್ದೇನಾದರೂ ಎಸೆಯಿರಿ, 000ಗೆ ಕರೆ ಮಾಡಿ.

ಮರಳಿನ ಮೇಲೆ ನೀಲಿ ಬಲೂನಿನ ಹಾಗೆ ಬಿದ್ದಿರುವ ಬ್ಲೂಬಾಟಲ್ ಜೀವಿಗಳನ್ನು ಮಕ್ಕಳು ಮುಟ್ಟದಿರಲಿ, ಸತ್ತದ್ದೂ ಕುಟುಕುತ್ತದೆ. ಕುಟುಕಿದರೆ ಸಮುದ್ರದ ನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಇದಕ್ಕೆ ವಿನಿಗರ್ ಹಾಕಬೇಡಿ.

ಹಂತ 7. ಕಾಂಗರೂ, ಕೊಆಲಾ

ಟರಾಂಗ ಮೃಗಾಲಯಕ್ಕೆ ಎಫ್2 ಫೆರಿ, ಹನ್ನೆರಡು ನಿಮಿಷ. 1916ರಿಂದ ಇರುವ ಈ ಮೃಗಾಲಯ ಕಡಿದಾದ ಇಳಿಜಾರಿನ ಮೇಲಿದೆ. ಜೆಟ್ಟಿಯಲ್ಲಿ ಇಳಿದವರು ಅಲ್ಲಿಂದಲೇ ನಡೆದು ಹತ್ತಲು ಹೊರಟು ಅರ್ಧದಲ್ಲೇ ಸುಸ್ತಾಗುತ್ತಾರೆ. ಜೆಟ್ಟಿಯ ಎದುರೇ ಬರುವ 238 ಬಸ್ ಹಿಡಿದು ಮೇಲಿನ ಬಾಗಿಲಿಗೆ ಹೋಗಿ, ನೋಡುತ್ತಾ ಇಳಿದು ಬನ್ನಿ.

ಕೊಆಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಅದು ಈ ರಾಜ್ಯದಲ್ಲಿ ಆಗದು, ಕಾನೂನು ಬಿಡುವುದಿಲ್ಲ. ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳಬಹುದು. ಕೈಯಾರೆ ಕಾಂಗರೂಗೆ ತಿನ್ನಿಸಬೇಕೆಂದರೆ ಬ್ಲ್ಯಾಕ್‌ಟೌನ್ ಹತ್ತಿರದ ಫೆದರ್‌ಡೇಲ್ ಸೂಕ್ತ. ನಮ್ಮವರು ಹೆಚ್ಚಾಗಿ ಇರುವ ಪಶ್ಚಿಮದ ಬಡಾವಣೆಗಳಿಗೂ ಅದು ಹತ್ತಿರ. ಎರಡೂ ಕಡೆ ಹೋಗುವ ಅಗತ್ಯವಿಲ್ಲ.

ಹಂತ 8. ಬ್ಲೂ ಮೌಂಟನ್ಸ್

ಸೆಂಟ್ರಲ್‌ನಿಂದ ಈ ಬೆಟ್ಟಗಳ ಊರಾದ ಕಟೂಂಬಾಗೆ ರೈಲಿನಲ್ಲಿ ಎರಡು ಗಂಟೆ, ಅದೇ ಕಾರ್ಡು ನಡೆಯುತ್ತದೆ. ಅರ್ಧ ಮಿತಿಯ ಶುಕ್ರವಾರ ಇದಕ್ಕೆ ಅತ್ಯುತ್ತಮ. ಶನಿವಾರ, ಭಾನುವಾರ ಹಳಿ ದುರಸ್ತಿಗೆಂದು ರೈಲು ನಿಲ್ಲಿಸಿ ಬಸ್ ಬಿಡುವುದು ಇಲ್ಲಿ ಮಾಮೂಲು, ಆಗ ಪ್ರಯಾಣ ಒಂದು ಗಂಟೆ ಹೆಚ್ಚಾಗಬಹುದು. ಹಿಂದಿನ ರಾತ್ರಿಯೇ ಸಾರಿಗೆ ಇಲಾಖೆಯ ಟ್ರಿಪ್ ಪ್ಲಾನರ್‌ನಲ್ಲಿ ನೋಡಿ.

ಬೆಳಿಗ್ಗೆ ಹೊರಡುವ ಮುನ್ನ ಕಟೂಂಬಾದ ಹವಾಮಾನ ನೋಡುವುದನ್ನು ಮರೆಯಬೇಡಿ. ಸಿಡ್ನಿಯಲ್ಲಿ ನೀಲಾಕಾಶ ಇದ್ದರೂ ಸಾವಿರ ಮೀಟರ್ ಎತ್ತರದ ಅಲ್ಲಿ ಮಂಜು ಕವಿದಿದ್ದರೆ ‘ತ್ರೀ ಸಿಸ್ಟರ್ಸ್’ ಬಂಡೆಗಳ ಜಾಗದಲ್ಲಿ ಬರೀ ಬಿಳಿ ಗೋಡೆ ಕಾಣುತ್ತದೆ. ಚಳಿಯೂ ಸಿಡ್ನಿಗಿಂತ ಹೆಚ್ಚು, ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಸ್ಟೇಷನ್‌ನಿಂದ ಆ ಬಂಡೆಗಳನ್ನು ನೋಡುವ ಜಾಗವಾದ ಎಕೋ ಪಾಯಿಂಟ್‌ಗೆ 686 ಬಸ್. ಪಕ್ಕದಲ್ಲೇ ನಿಲ್ಲುವ ಹತ್ತಿಳಿಯುವ ಟೂರಿಸ್ಟ್ ಬಸ್ಸಿಗೆ ಬೇರೆ ಟಿಕೆಟ್ ಬೇಕು, ಎಕೋ ಪಾಯಿಂಟ್ ಮತ್ತು ಸೀನಿಕ್ ವರ್ಲ್ಡ್ ಎರಡೇ ನೋಡುವವರಿಗೆ ಅದು ಬೇಡ. ಸೀನಿಕ್ ವರ್ಲ್ಡ್‌ನ ಒಂದೇ ಟಿಕೆಟ್‌ನಲ್ಲಿ ಎರಡು ಕೇಬಲ್ ಕಾರು ಮತ್ತು 52 ಡಿಗ್ರಿ ಇಳಿಜಾರಿನ ರೈಲು ದಿನವಿಡೀ ಸಿಗುತ್ತವೆ. ರೈಲಿನಲ್ಲಿ ಕೆಳಗಿಳಿದು, ಕಾಡಿನ ಹಲಗೆದಾರಿಯಲ್ಲಿ ಸುತ್ತಾಡಿ, ಕೇಬಲ್ ಕಾರಿನಲ್ಲಿ ಮೇಲೆ ಬನ್ನಿ.

ಹಂತ 9. ನದಿ ಹಿಡಿದು ಪ್ಯಾರಾಮ್ಯಾಟಾ, ಅಲ್ಲಿಂದ ದೋಸೆಗೆ

ಪ್ರವಾಸಿಗಳು ಬಿಟ್ಟುಬಿಡುವ, ಬಿಡಬಾರದ ಮಾರ್ಗ ಇದು. ಎಫ್3 ಫೆರಿ ಬಂದರಿನಿಂದ ನದಿಯೊಳಕ್ಕೆ ನುಗ್ಗಿ ಸುಮಾರು ಒಂದೂವರೆ ಗಂಟೆಯಲ್ಲಿ ಪ್ಯಾರಾಮ್ಯಾಟಾ ಸೇರುತ್ತದೆ. ನೀರು ಹೋಗ್ತಾ ಹೋಗ್ತಾ ಕಿರಿದಾಗಿ ಎರಡೂ ಬದಿಗೆ ಕಾಂಡ್ಲ (ಮ್ಯಾಂಗ್ರೋವ್) ಕಾಡು ಹತ್ತಿರ ಬರುತ್ತದೆ. ನಡುವೆ ಕಾಕಟೂ ದ್ವೀಪದಲ್ಲಿ ಇಳಿದು ಹಳೆಯ ಕೈದಿಗಳ ಸೆರೆಮನೆ, ಹಡಗುಕಟ್ಟೆ ನೋಡಬಹುದು, ಪ್ರವೇಶ ಉಚಿತ. ಎಲ್ಲ ಎಫ್3 ಫೆರಿಗಳೂ ಕೊನೆಯವರೆಗೆ ಹೋಗುವುದಿಲ್ಲ, ಕೆಲವು ಒಲಿಂಪಿಕ್ ಪಾರ್ಕ್‌ಗೇ ನಿಲ್ಲುತ್ತವೆ. ನೀರಿಳಿತ ಹೆಚ್ಚಿದ್ದಾಗ ಕೊನೆಯ ಭಾಗಕ್ಕೆ ಬಸ್ ಹಾಕುತ್ತಾರೆ. ಹತ್ತುವ ಮುನ್ನ ಫಲಕದಲ್ಲಿ ಪ್ಯಾರಾಮ್ಯಾಟಾ ಹೆಸರು ಇದೆಯೇ ನೋಡಿ.

ಪ್ಯಾರಾಮ್ಯಾಟಾ ಪಕ್ಕದ ಸ್ಟೇಷನ್ನೇ ಹ್ಯಾರಿಸ್ ಪಾರ್ಕ್. ಅಲ್ಲಿನ ವಿಗ್ರಾಂ ಸ್ಟ್ರೀಟ್ ಭಾರತೀಯ ಹೋಟೆಲುಗಳ ಬೀದಿ. ದೋಸೆ, ಇಡ್ಲಿ, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ. ಊಟ ಮುಗಿಸಿ ರೈಲಿನಲ್ಲಿ ಊರಿಗೆ ವಾಪಸ್. ಊರಿನ ನಡುವೆ ತಿನ್ನುವವರಿಗೆ ಒಂದು ಮಾತು: ಹೆಚ್ಚಿನ ಕೆಫೆಗಳು ಮಧ್ಯಾಹ್ನ ಮೂರರ ಹೊತ್ತಿಗೆ ಮುಚ್ಚುತ್ತವೆ, ಅಂಗಡಿಗಳು ಸಂಜೆ ಆರರೊಳಗೆ. ಗುರುವಾರ ಮಾತ್ರ ರಾತ್ರಿ ಒಂಬತ್ತರವರೆಗೆ.

ಮಳೆ ಬಂದ ದಿನಕ್ಕೆ ಆರ್ಟ್ ಗ್ಯಾಲರಿ ಮತ್ತು ಆಸ್ಟ್ರೇಲಿಯನ್ ಮ್ಯೂಸಿಯಂ ಇಟ್ಟುಕೊಳ್ಳಿ, ಎರಡರ ಸಾಮಾನ್ಯ ಪ್ರವೇಶವೂ ಉಚಿತ. ಆರ್ಟ್ ಗ್ಯಾಲರಿಯ ಹೊಸ ಕಟ್ಟಡದ ನೆಲದಡಿಯಲ್ಲಿ ಎರಡನೇ ಮಹಾಯುದ್ಧ ಕಾಲದ ತೈಲದ ತೊಟ್ಟಿಯನ್ನೇ ಪ್ರದರ್ಶನದ ಕೋಣೆ ಮಾಡಿದ್ದಾರೆ, ಅಲ್ಲಿಗೆ ಇಳಿಯದೆ ಬರಬೇಡಿ.

ಹಂತ 10. ಕಾರು ಬೇಕಾಗುವ ಒಂದೇ ದಿನ

ಊರೊಳಗೆ ಕಾರು ಹೊರೆ, ಪಾರ್ಕಿಂಗ್ ದುಬಾರಿ. ದಕ್ಷಿಣದ ಕರಾವಳಿಗೆ ಮಾತ್ರ ಬಾಡಿಗೆ ಕಾರು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿರುವ ಭಾರತದ ಲೈಸೆನ್ಸ್ ಪ್ರವಾಸಿಗಳಿಗೆ ಸಾಕು, ಅಸಲು ಜೊತೆಗಿರಲಿ. ಟೋಲ್ ರಸ್ತೆಗಳಲ್ಲಿ ಹಣ ಕಟ್ಟುವ ಗೂಡಂಗಡಿ ಇಲ್ಲ, ನಂಬರ್ ಪ್ಲೇಟ್ ನೋಡಿ ಬಿಲ್ಲಾಗುತ್ತದೆ. ಬಾಡಿಗೆ ಕಂಪನಿಗಳು ಅದರ ಮೇಲೆ ತಮ್ಮ ಶುಲ್ಕವನ್ನೂ ಸೇರಿಸುತ್ತವೆ. ಆದ್ದರಿಂದ ಮ್ಯಾಪ್‌ನಲ್ಲಿ ‘ಟೋಲ್ ಬೇಡ’ ಎಂದು ಆರಿಸಿ.

ಒಂದು ಗಂಟೆಯ ದಾರಿಯಲ್ಲಿ ಹೆಲೆನ್ಸ್‌ಬರ್ಗ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ, ಕಾಡಿನ ನಡುವೆ ದಕ್ಷಿಣ ಭಾರತದ ಶೈಲಿಯ ಗೋಪುರ. ಬೆಳಿಗ್ಗೆಯೇ ದರ್ಶನ ಮುಗಿಸಿ. ಮಧ್ಯಾಹ್ನ ಬಾಗಿಲು ಹಾಕುವ ದಿನಗಳಿವೆ, ಸಮಯ ಮೊದಲೇ ನೋಡಿಕೊಳ್ಳಿ. ಅಲ್ಲಿಂದ ಬಾಲ್ಡ್ ಹಿಲ್ ತಲುಪಿದರೆ ಕೆಳಗಿನ ಇಡೀ ಕರಾವಳಿ ಕಾಣುತ್ತದೆ. ಕೆಳಗಿನ ಸ್ಟ್ಯಾನ್‌ವೆಲ್ ಪಾರ್ಕ್ ದಡದಲ್ಲೇ ಹಾರಾಟದ ಪ್ರಯೋಗ ಮಾಡುತ್ತಿದ್ದ ಲಾರೆನ್ಸ್ ಹಾರ್ಗ್ರೇವ್ 1894ರಲ್ಲಿ ಪೆಟ್ಟಿಗೆಯಾಕಾರದ ಗಾಳಿಪಟಗಳಿಗೆ ತನ್ನನ್ನೇ ಕಟ್ಟಿಕೊಂಡು ನೆಲ ಬಿಟ್ಟು ಮೇಲೆದ್ದದ್ದು. ಇನ್ನೂ ಮುಂದೆ ಹೋದರೆ 665 ಮೀಟರ್ ಉದ್ದದ ಸೀ ಕ್ಲಿಫ್ ಬ್ರಿಡ್ಜ್ ಬಂಡೆಯಿಂದ ಹೊರಚಾಚಿ ಸಮುದ್ರದ ಮೇಲೆ ಬಳುಕುತ್ತದೆ. ಸೇತುವೆಯ ಮೇಲೆ ಕಾರು ನಿಲ್ಲಿಸುವಂತಿಲ್ಲ. ದಕ್ಷಿಣದ ತುದಿ ದಾಟಿ ನಿಲ್ಲಿಸಿ, ಕಾಲುದಾರಿಯಲ್ಲಿ ಹಿಂದಿರುಗಿ ನಡೆಯಿರಿ.

ದೇವಸ್ಥಾನದ ಕ್ಯಾಂಟೀನ್ ವಾರಾಂತ್ಯದಲ್ಲಿ ನಡೆಯುತ್ತದೆ. ಬೇರೆ ದಿನ ಹೋಗುವವರು ಮೊಸರನ್ನವನ್ನಾದರೂ ಕಟ್ಟಿಕೊಂಡು ಹೋಗಿ, ದಾರಿಯ ಸಣ್ಣ ಊರುಗಳಲ್ಲಿ ಸಸ್ಯಾಹಾರ ಸಿಗುವುದು ಕಷ್ಟ.